ಇಸವಿ ಕೇಳದೆ ಇಸವಿ ಹಿಡಿದದ್ದು

ಶಾಲೆಯ ಮುಖ ನೋಡದ ಹೆಂಗಸರಿಂದ, ಎರಡು ಮನೆಗೆಲಸಗಳ ನಡುವೆ ಸಿಕ್ಕುವ ಬಿಡುವಿನಲ್ಲಿ, ಇಪ್ಪತ್ತು ಇಪ್ಪತ್ತೈದು ವರ್ಷದ ದುಡಿಮೆಯ ಚರಿತ್ರೆಯನ್ನು ನಾಲ್ಕು ತಿಂಗಳಿಗಿಂತ ಹೆಚ್ಚು ಆಚೀಚೆ ಆಗದಂತೆ ಬರೆದುಕೊಳ್ಳಬಹುದು ಎಂದು ನಾನು ಹೇಳಿದಾಗ ಮೂವರು ನಕ್ಕರು. ಒಬ್ಬರು ನಿವೃತ್ತ ಪ್ರಾಧ್ಯಾಪಕರು. ಇನ್ನೊಬ್ಬ ಸಮೀಕ್ಷೆ ನಡೆಸುವ ಕಂಪನಿಯೊಂದರಲ್ಲಿರುವ ನನ್ನ ಹಳೆಯ ಸಹಪಾಠಿ. ಮೂರನೆಯವರು ನಮ್ಮ ಯಜಮಾನರು. ಮೊದಲ ಇಬ್ಬರು ಈಗ ಇದಕ್ಕಾಗಿ ನಾನು ಮಾಡಿದ ಹಾಳೆಯ ಪ್ರತಿ ಕೇಳಿ ತರಿಸಿಕೊಂಡಿದ್ದಾರೆ. ಮೂರನೆಯವರು ಮಾತ್ರ ಖರ್ಚಿನ ಲೆಕ್ಕ ಕೇಳುವುದನ್ನು ಇನ್ನೂ ಬಿಟ್ಟಿಲ್ಲ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ನಾನು ಹುಡುಕುತ್ತಿದ್ದದ್ದು ಇಷ್ಟೇ: ಮುಂಬಯಿಗೆ ಬಂದ ಕನ್ನಡಿಗರು ಎಷ್ಟು ಸಲ ಕೆಲಸ ಬದಲಿಸಿದರು, ಎಷ್ಟು ಸಲ ಖೋಲಿ (ವಾಸದ ಕೋಣೆ) ಬದಲಿಸಿದರು, ಯಾವುದು ಮೊದಲು, ಯಾವುದು ಆಮೇಲೆ. ಎರಡು ಗುಂಪು ಆರಿಸಿಕೊಂಡೆ. ಆಂಟಾಪ್ ಹಿಲ್ ಕಡೆಯ ಬಸ್ತಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಇರುವ ಕಲಬುರಗಿ, ಯಾದಗಿರಿ, ವಿಜಯಪುರದ ಹೆಂಗಸರು. ಮನೆಗೆಲಸ ಮಾಡುವವರು, ನಾಕಾದಲ್ಲಿ (ಕೂಲಿಯವರು ಸೇರುವ ಕೂಡುರಸ್ತೆ) ನಿಂತು ಕಟ್ಟಡದ ಕೂಲಿಗೆ ಹೋಗುವವರು. ಇನ್ನೊಂದು ಕಡೆ ಮಾಟುಂಗಾ, ಚೆಂಬೂರು, ಫೋರ್ಟ್‌ನ ಹೋಟೆಲುಗಳಲ್ಲಿ ದುಡಿಯುವ ಉಡುಪಿ, ಕುಂದಾಪುರ ಕಡೆಯ ಗಂಡಸರು. ನಾನು ಡೊಂಬಿವಲಿಯವಳು. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನು ಹಿಡಿದು ಗುರು ತೇಗ್ ಬಹಾದೂರ್ ನಗರಕ್ಕೆ ಹೋಗುವುದು ಎರಡು ವರ್ಷ ನನ್ನ ಮಧ್ಯಾಹ್ನದ ದಿನಚರಿಯಾಗಿತ್ತು.

ಮೊದಲ ಸುತ್ತು 2018ರಲ್ಲಿ. ಎಲ್ಲರೂ ಮಾಡುವಂತೆ ಪ್ರಶ್ನಾವಳಿ. ಹದಿನಾರು ಪುಟ, ಚೆಂದದ ಕನ್ನಡ. “ನೀವು ಮುಂಬಯಿಗೆ ಬಂದ ಇಸವಿ ಯಾವುದು?” ನಲವತ್ತಾರೋ ನಲವತ್ತೇಳೋ ಹೆಂಗಸರನ್ನು ಕೇಳಿರಬೇಕು. ಮೂವತ್ತಕ್ಕೂ ಹೆಚ್ಚು ಜನ “ಹತ್ತು ವರ್ಷ ಆಗಿರಬೇಕು”, “ಹದಿನೈದು ಆಗಿರಬೇಕು”, “ಇಪ್ಪತ್ತು ಎಂದು ಬರೆದುಕೊಳ್ಳಿ ಅಕ್ಕಾ” ಎಂದರು. ಐದರ ಗುಣಕಗಳು ಐದರಲ್ಲಿ ಒಂದು ಪಾಲು ಬರಬೇಕಾದಲ್ಲಿ ಮುಕ್ಕಾಲು ಪಾಲು ಬಂದಾಗ, ದುಂಡು ಸಂಖ್ಯೆ ಹೇಳುವ ಚಾಳಿಯನ್ನು ಅಳೆಯುವ ವಿಪಲ್ ಸೂಚ್ಯಂಕ ಹಾಕಿ ನೋಡುವ ಅಗತ್ಯವೇನೂ ಇರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದನ್ನು ಕಾಣಲು ನನಗೆ ಆರು ತಿಂಗಳು ಬೇಕಾಯಿತು. ಐದು ಹತ್ತು ಎನ್ನದೆ ನಿಖರ ಇಸವಿ ಹೇಳಿದವರಿದ್ದರಲ್ಲ, ಅವರಲ್ಲಿ ಬಹಳ ಮಂದಿ 1999 ಎಂದರು. ಒಬ್ಬಿಬ್ಬರು ಹಿರಿಯರು 1994 ಎಂದರು. ಆಹಾ, ಇವರಿಗಾದರೂ ನೆನಪಿದೆ ಎಂದು ಸಂತೋಷಪಟ್ಟೆ. ಮುಂಬಯಿಯ ಬಸ್ತಿಯಲ್ಲಿ ಕೆಲಸ ಮಾಡಿದವರು ಈಗಾಗಲೇ ನಗುತ್ತಿರುತ್ತೀರಿ. ಕೊಳೆಗೇರಿ ಪುನರ್ವಸತಿಗೆ ಮೊದಲಿದ್ದ ಗಡುವು 1995ರ ಜನವರಿ 1, ಅದಕ್ಕೆ ಮುಂಚೆ ಬಂದವರಿಗಷ್ಟೇ ಮನೆ. ಆಮೇಲೆ ಅದು 2000ದ ಜನವರಿ 1 ಆಯಿತು. ಮುಂದೆ 2011ರ ಜನವರಿ 1ರವರೆಗೆ ಬಂದವರಿಗೆ ಹಣ ಕಟ್ಟಿಸಿಕೊಂಡು ಮನೆ ಎಂದಾಯಿತು. ಕಾಗದ ಹಿಡಿದು ಬಂದು “ಯಾವಾಗ ಬಂದಿರಿ” ಎಂದು ಕೇಳುವವರು ಯಾರೇ ಆಗಲಿ, ಅವರಿಗೆ ಕೊಡಬೇಕಾದ ಉತ್ತರ ಬಸ್ತಿಯಲ್ಲಿ ಸಿದ್ಧವಾಗಿರುತ್ತದೆ. ಅದು ಸುಳ್ಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮನೆಯ ಪ್ರಶ್ನೆಗೆ ಅವರು ಮನೆಯ ಉತ್ತರ ಕೊಟ್ಟರು. ನಾನು ಕೇಳಿದ್ದು ನೆನಪಿನ ಪ್ರಶ್ನೆ ಎಂದು ನನ್ನ ಹದಿನಾರು ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಆ ಪುಟಗಳು ಈಗ ನಮ್ಮ ಮನೆಯ ಅಟ್ಟದಲ್ಲಿವೆ. ಹಿಂಬದಿ ಖಾಲಿ ಇದ್ದದ್ದರಿಂದ ಮಗಳ ಗಣಿತದ ಅಭ್ಯಾಸಕ್ಕೆ ಬಂದವು.

ಎರಡನೆಯ ಸುತ್ತು 2019ರಲ್ಲಿ, ರೆಕಾರ್ಡರ್ ಹಿಡಿದು. ಅವರ ಕಥೆ ಅವರೇ ಹೇಳಲಿ, ಇಸವಿ ತಾನಾಗಿ ಬರುತ್ತದೆ ಎಂದು ಪ್ರಾಧ್ಯಾಪಕರ ಸಲಹೆ. ಕಥೆ ಬಂದಿತು, ಇಸವಿ ಬರಲಿಲ್ಲ. ನಲವತ್ತು ಗಂಟೆಯ ಧ್ವನಿ ಸೇರಿತು. ಬರೆದುಕೊಡಲು ಧಾರವಾಡದ ಒಬ್ಬ ಹುಡುಗನಿಗೆ ಒಪ್ಪಿಸಿದೆ, ಗಂಟೆಗೆ ಒಂಬತ್ತು ನೂರು ರೂಪಾಯಿ. ಪಾಪ, ಅವನು ಮರಾಠಿ ಕಿವಿಗೆ ಬಿದ್ದಿರದ ಹುಡುಗ. ಬಂದ ಬರಹ ಹೀಗಿತ್ತು: “ಮಳೆಗಾಲದಲ್ಲಿ ಕೋಳಿ ಸೋರುತ್ತಿತ್ತು, ಆದ್ದರಿಂದ ಕೋಳಿ ಬದಲಿಸಿದೆವು. ಹೊಸ ಕೋಳಿಗೆ ಇಪ್ಪತ್ತು ಸಾವಿರ ಡಿಪಾಸಿಟ್.” ಖೋಲಿ ಎಂದರೆ ಇಲ್ಲಿ ಕೋಣೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಭಿಶಿ (ಚೀಟಿ ಹಣ) ಎಂದಲ್ಲೆಲ್ಲ “ಬಿಸಿ” ಎಂದು ಬರೆದಿದ್ದ. ಇಡೀ ಮೂವತ್ತಾರು ಸಾವಿರ ರೂಪಾಯಿಯ ಬರಹವನ್ನು ನಾನೇ ಕುಳಿತು ಮತ್ತೆ ಕೇಳಿ ತಿದ್ದಬೇಕಾಯಿತು. ಆದರೆ ಆ ಬಿಸಿ ಪದವೇ ಕೊನೆಗೆ ನನ್ನ ಕೈ ಹಿಡಿಯಿತು. ಅದೂ ಆಮೇಲೆ.

ಕ್ಯಾಲೆಂಡರ್ ವಿಧಾನ ನಿಮಗೆಲ್ಲ ಗೊತ್ತಿರುವುದೇ. ಮೆಕ್ಸಿಕೋದ ಮಾಂಟೆರ್ರೆಯಲ್ಲಿ 1960ರ ದಶಕದಲ್ಲಿ ಗಂಡಸರ ದುಡಿಮೆ ಬರೆದುಕೊಂಡವರು ಇಂಥದ್ದನ್ನು ಬಳಸಿದ್ದರು. 1988ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರ ಲೇಖನ ಬಂದ ಮೇಲೆ ಎಲ್ಲರ ಪಠ್ಯದಲ್ಲೂ ಸೇರಿತು. ಅಡ್ಡಕ್ಕೆ ಕಾಲ, ಉದ್ದಕ್ಕೆ ಬದುಕಿನ ಸಾಲುಗಳು. ಗೊತ್ತಿದ್ದೂ ನಾನು ಇದನ್ನು ಮೊದಲೇ ಏಕೆ ಹಿಡಿಯಲಿಲ್ಲ ಎಂದರೆ, ಓದು ಬಾರದವರಿಗೆ ಚೌಕದ ಹಾಳೆ ತೋರಿಸಿ ಏನು ಫಲ ಎಂದು ನಾನೂ ಆ ಮೂವರಂತೆಯೇ ನಂಬಿದ್ದೆ. ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲಿ ಕುಳಿತು ಹಳೆಯ ಧ್ವನಿ ಕೇಳುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. ಒಬ್ಬ ಹೆಂಗಸೂ “ಆ ವರ್ಷ” ಎಂದು ಮಾತು ಆರಂಭಿಸಿರಲಿಲ್ಲ. “ಈ ಹುಡುಗಿ ಹೊಟ್ಟೆಯಲ್ಲಿದ್ದಾಗ”, “ಆ ಸೋರುವ ಖೋಲಿಯಲ್ಲಿದ್ದಾಗ”, “ಸೀಮೆಎಣ್ಣೆ ಸ್ಟವ್ ಇದ್ದಾಗ”. ಅವರ ಬಳಿ ಪಂಚಾಂಗ ಇತ್ತು. ನನ್ನದಕ್ಕೆ ಹೊಂದುತ್ತಿರಲಿಲ್ಲ, ಅಷ್ಟೇ.

2021ರ ಕೊನೆಗೆ ಮೊದಲ ಹಾಳೆ ಮಾಡಿದೆ, ಅದೂ ಸೋತಿತು. ತಿಂಗಳಿಗೊಂದು ಚೌಕದಂತೆ ಇಪ್ಪತ್ತೈದು ವರ್ಷಕ್ಕೆ ಮುನ್ನೂರು ಚೌಕ. ಬಣ್ಣ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಒಂದೊಂದಕ್ಕೆ ನೂರಿಪ್ಪತ್ತು ತೆತ್ತಿದ್ದೆ. ಹತ್ತಡಿ ಖೋಲಿಯಲ್ಲಿ ಅದನ್ನು ಹಾಸಿದರೆ ಅತ್ತೆಯ ಮಂಚದ ಕೆಳಗೆ ಅರ್ಧ ಹೋಗುತ್ತಿತ್ತು. ಮೇಲೆ ನಾನೇ ಮುದ್ರಿಸಿದ ಗುರುತುಗಳು: 1993ರ ಬಾಂಬ್ ಸ್ಫೋಟ, 2005ರ ಜುಲೈ 26ರ ಮಳೆ, 2008ರ ತಾಜ್ ಹೋಟೆಲಿನ ದಾಳಿ. ಪತ್ರಿಕೆ ಓದುವವರ ಮುಂಬಯಿ ಅದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಆ ಮಳೆ ನಗರವನ್ನೇ ಮುಳುಗಿಸಿತು ಎಂದು ನಾವು ಬರೆಯುತ್ತೇವೆ. ಒಬ್ಬಳು ಹೇಳಿದ್ದು: “ನಮ್ಮ ಖೋಲಿಗೆ ಪ್ರತಿ ವರ್ಷ ನೀರು ಬರುತ್ತದೆ ಅಕ್ಕಾ, ನೀವು ಯಾವ ವರ್ಷದ ನೀರು ಕೇಳುತ್ತೀರಿ?” ಆ ಹಾಳೆಗಳನ್ನು ಹನ್ನೊಂದಕ್ಕೆ ನಿಲ್ಲಿಸಿದೆ. ಉಳಿದವು ಅಡುಗೆಮನೆಯ ಕಪಾಟಿನಲ್ಲಿ ಹಾಸಿವೆ. ಲ್ಯಾಮಿನೇಟ್ ಆದ್ದರಿಂದ ಎಣ್ಣೆ ಒರೆಸಲು ಸುಲಭ.

ಕೆಲಸ ಮಾಡಿದ ಹಾಳೆ ಹೀಗಿದೆ. ಎ3 ಕಾಗದ, ಕಪ್ಪು ಬಿಳುಪು, ಝೆರಾಕ್ಸ್ ಅಂಗಡಿಯಲ್ಲಿ ಹದಿನೈದು ರೂಪಾಯಿ. ತಿಂಗಳು ಬಿಟ್ಟೆ. ವರ್ಷಕ್ಕೆ ಮೂರೇ ಚೌಕ: ಮಳೆ, ಚಳಿ, ಬೇಸಿಗೆ. ಇಪ್ಪತ್ತೈದು ವರ್ಷಕ್ಕೆ ಎಪ್ಪತ್ತೈದು. ಇಸವಿಯ ಅಂಕಿ ಹಾಳೆಯ ಮೇಲ್ತುದಿಯಲ್ಲಿ ಸಣ್ಣಗೆ, ನನಗೆ ಮಾತ್ರ. ಚೌಕದೊಳಗೆ ಜಾಗ ಹಿಡಿಯಲು ಹಬ್ಬ: ಮಳೆಗೆ ನಾಗರ ಪಂಚಮಿ, ಚಳಿಗೆ ಎಳ್ಳಮಾವಾಸ್ಯೆ, ಬೇಸಿಗೆಗೆ ಯುಗಾದಿ. ಪಂಚಮಿಗೆ ತವರಿಗೆ ಹೋಗಿದ್ದಿರಾ, ಹೋಗಲಿಲ್ಲವಾ ಎಂದು ಕೇಳಿದರೆ ಸಾಕು. ಹೋಗದ ಪಂಚಮಿಯನ್ನು ಯಾವ ಹೆಂಗಸೂ ಮರೆಯುವುದಿಲ್ಲ, ಮತ್ತು ಏಕೆ ಹೋಗಲಿಲ್ಲ ಎನ್ನುವುದರಲ್ಲಿ ಅರ್ಧ ದುಡಿಮೆಯ ಚರಿತ್ರೆ ಇರುತ್ತದೆ: ಹೊಸ ಮನೆಯ ಬಾಯಿ (ಮನೆಯೊಡತಿ) ರಜೆ ಕೊಡಲಿಲ್ಲ, ಗಂಡ ಏಣಿಯಿಂದ ಬಿದ್ದಿದ್ದ, ಡಿಪಾಸಿಟ್ ಕಟ್ಟಿ ಕೈ ಖಾಲಿಯಾಗಿತ್ತು.

ಸಾಲುಗಳು ಐದು. ಮೊದಲು ಮಕ್ಕಳು. ಆಮೇಲೆ ಖೋಲಿ. ಆಮೇಲೆ ಒಲೆ. ಕೆಲಸ ನಾಲ್ಕನೆಯದು, ಕೊನೆಯದು ಊರಿಗೆ ಹೋಗಿ ಬಂದದ್ದು. ಕೆಲಸವನ್ನು ಮೊದಲು ಕೇಳಿದರೆ ಕೆಡುತ್ತದೆ. ಅದನ್ನು ಹಾಳೆಯ ಮೇಲಿನ ಮೂರು ಸಾಲು ತುಂಬಿದ ಮೇಲೆಯೇ ಕೇಳಬೇಕು. ಆಗ ಅವರೇ ಬೆರಳಿಟ್ಟು “ಇಲ್ಲಿಂದ ಇಲ್ಲಿಯವರೆಗೆ” ಎನ್ನುತ್ತಾರೆ. ಓದು ಬಾರದಿದ್ದರೇನು, ಎಡದಿಂದ ಬಲಕ್ಕೆ ಕಾಲ ಹೋಗುತ್ತದೆ ಎಂದು ಒಮ್ಮೆ ತೋರಿಸಿದರೆ ಸಾಕಾಗಿತ್ತು. ಮಗುವಿಗೆ ನಾವು ಕಡಲೆಬೇಳೆ ಅಂಟಿಸುತ್ತಿದ್ದೆವು, ಖೋಲಿಗೆ ಪೆನ್ಸಿಲಿನ ಗೆರೆ. ಮೂರನೆಯ ದಿನಕ್ಕೆ ಬಸ್ತಿಯಲ್ಲಿ ಹಾಳೆಗೆ ಹೆಸರು ಬಿದ್ದಿತ್ತು, ಜಾತಕ ಎಂದು. “ಅವಳ ಜಾತಕ ಬರೆದಿರಿ, ನನ್ನದು ಯಾವಾಗ?” ಎಂದು ನೀರಿನ ಸಾಲಿನಲ್ಲಿ ಕೇಳುವವರಾದರು. ಪ್ರಶ್ನಾವಳಿಯ ಕಾಲದಲ್ಲಿ ಬಾಗಿಲು ಹಾಕಿಕೊಂಡಿದ್ದ ಹೆಂಗಸೇ ಚಹಾ ಇಟ್ಟು ಕರೆದಳು. ಮೊದಲ ಮಾತು ಏನು ಆಡಬೇಕು, ಹಾಳೆಯ ಯಾವ ಮೂಲೆಯಿಂದ ಆರಂಭಿಸಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ಮಳೆಗಾಲ ಹಿಡಿಯಿತು.

ಇನ್ನು ಭಿಶಿ. ಧಾರವಾಡದ ಹುಡುಗನ “ಬಿಸಿ”. ಹನ್ನೆರಡು ಹೆಂಗಸರು, ತಿಂಗಳಿಗೆ ಇಷ್ಟು ಎಂದು ಹಾಕುವುದು, ಪ್ರತಿ ತಿಂಗಳು ಚೀಟಿ ಎತ್ತಿ ಒಬ್ಬಳಿಗೆ ಕೊಡುವುದು, ಒಮ್ಮೆ ಎದ್ದವಳ ಹೆಸರು ಆ ಸುತ್ತು ಮುಗಿಯುವವರೆಗೆ ಡಬ್ಬಿಗೆ ಬೀಳುವುದಿಲ್ಲ. ಚೀಟಿ ವ್ಯವಹಾರ ಎಂದು ನಾವು ಬಲ್ಲದ್ದೇ. ತಾನು ಮುಂಬಯಿಗೆ ಬಂದ ವರ್ಷ ನೆನಪಿಲ್ಲದವಳಿಗೆ ತನ್ನ ಭಿಶಿ ಎಷ್ಟನೆಯ ತಿಂಗಳು ಎದ್ದಿತು, ತನಗಿಂತ ಮುಂಚೆ ಯಾರದು, ಆಮೇಲೆ ಯಾರದು, ಆ ಹಣದಿಂದ ಏನು ಕೊಂಡೆ ಎನ್ನುವುದು ಮಂತ್ರದಂತೆ ಬಾಯಲ್ಲಿರುತ್ತದೆ. ಗ್ಯಾಸ್ ಬಂದದ್ದು ಆ ಭಿಶಿಯಿಂದ. ತಾಳಿಯ ಗುಂಡು ಬಿಡಿಸಿಕೊಂಡದ್ದು ಇನ್ನೊಂದರಿಂದ. ನಾನು ಮಾಡಿದ್ದು ಏನೆಂದರೆ, ಒಂದೇ ಭಿಶಿಯ ನಾಲ್ವರನ್ನು ಬೇರೆ ಬೇರೆ ದಿನ ಕೂರಿಸಿ ನಾಲ್ಕು ಹಾಳೆ ಬರೆದೆ. ಆಮೇಲೆ ನಾಲ್ಕನ್ನೂ ನಮ್ಮ ಮನೆಯ ನೆಲದ ಮೇಲೆ ಒಂದರ ಕೆಳಗೆ ಒಂದು ಹಾಸಿದೆ. ಮೂವರ ಸಾಲು ಸರಿಹೊಂದಿತು, ನಾಲ್ಕನೆಯವಳದು ಒಂದು ವರ್ಷ ಹಿಂದೆ ಸರಿದಿತ್ತು. ಅವಳ ಹತ್ತಿರ ಮತ್ತೆ ಹೋಗಿ “ನಿನಗಿಂತ ಮುಂಚೆ ಎದ್ದವಳು ಯಾರು?” ಎಂದು ಕೇಳಿದ್ದಷ್ಟೇ. ಕಡಲೆಬೇಳೆಯನ್ನು ತಾನೇ ಎತ್ತಿ ಮೂರು ಚೌಕ ಮುಂದೆ ಇಟ್ಟಳು. ಒಬ್ಬಳ ಒಂದು ಗಟ್ಟಿ ನೆನಪಿನಿಂದ ನಾಲ್ವರ ಹತ್ತು ವರ್ಷ ನೇರವಾಯಿತು. ಆ ರಾತ್ರಿ ನಾನು ಸಹಪಾಠಿಗೆ ಫೋನ್ ಮಾಡಿ ಒಂದು ಗಂಟೆ ಮಾತನಾಡಿದೆ, ಅವನಿಗೆ ನಿದ್ದೆ ಬರುತ್ತಿದ್ದರೂ ಬಿಡಲಿಲ್ಲ.

ನಗರದ ಗುರುತುಗಳಲ್ಲಿ ನಿಂತದ್ದು ಎರಡೇ. 2016ರ ನವೆಂಬರ್ 8ರ ನೋಟು ರದ್ದತಿ ಒಂದು. ಗಂಡನಿಗೆ ಕಾಣದಂತೆ ಅಕ್ಕಿ ಡಬ್ಬದಲ್ಲಿಟ್ಟ ಐನೂರರ ನೋಟುಗಳನ್ನು ಗಂಡನ ಮುಂದೆಯೇ ಹೊರಗೆ ತೆಗೆಯಬೇಕಾದ ದಿನವನ್ನು ಯಾರು ಮರೆಯುತ್ತಾರೆ? ಆಗ ಯಾವ ಮನೆಯಲ್ಲಿ ಕೆಲಸವಿತ್ತು, ಯಾವ ಬಾಯಿ ನೋಟು ಬದಲಿಸಿಕೊಟ್ಟಳು, ಯಾರು ಹಳೆಯ ನೋಟಿನಲ್ಲೇ ಎರಡು ತಿಂಗಳ ಪಗಾರ ಮುಂಗಡ ಕೊಟ್ಟು ಕೈ ತೊಳೆದುಕೊಂಡಳು, ಎಲ್ಲವೂ ಸಾಲಾಗಿ ಬಂದವು. ಇನ್ನೊಂದು ಲಾಕ್‌ಡೌನ್. ಇದು ಗುರುತಲ್ಲ, ಅಯಸ್ಕಾಂತ. 2018ರ ಖೋಲಿಯನ್ನೂ 2022ರ ಜಗಳವನ್ನೂ ತನ್ನತ್ತ ಎಳೆದುಕೊಂಡುಬಿಡುತ್ತದೆ. “ಅದಾ, ಲಾಕ್‌ಡೌನ್‌ನಲ್ಲಿ” ಎನ್ನುವ ಉತ್ತರ ಬಂದರೆ ಪೆನ್ಸಿಲು ಕೆಳಗಿಡಬೇಕು. ಬಿಡಿಸಲು ನಾನು ಬಳಸಿದ್ದು ಲೋಕಲ್ ರೈಲು. 2020ರ ಮಾರ್ಚಿನಲ್ಲಿ ನಿಂತದ್ದು, ಅಕ್ಟೋಬರಿನಲ್ಲಿ ಹೆಂಗಸರಿಗೆ ಕೆಲವು ಗಂಟೆ ಮಾತ್ರ ಬಿಟ್ಟದ್ದು, 2021ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದು ಏಪ್ರಿಲಿನಲ್ಲಿ ಮತ್ತೆ ಮುಚ್ಚಿದ್ದು, ಆಗಸ್ಟ್ 15ರಿಂದ ಎರಡು ಲಸಿಕೆ ಆದವರಿಗೆ ಬಿಟ್ಟದ್ದು. “ಆ ಕೆಲಸಕ್ಕೆ ನಡೆದು ಹೋದಿರಾ, ಬಸ್ಸಾ, ಟ್ರೇನಾ? ಟ್ರೇನಾದರೆ ಲಸಿಕೆಯ ಕಾಗದ ತೋರಿಸಿದಿರಾ?” ಇಷ್ಟರಲ್ಲಿ ಎರಡು ವರ್ಷ ನಾಲ್ಕು ತುಂಡಾಗುತ್ತದೆ. ಊರಿನ ಕಡೆಯಿಂದ 2009ರ ಅಕ್ಟೋಬರಿನ ನೆರೆ ಬಲವಾಗಿ ನಿಂತಿತು. ಎಳ್ಳಮಾವಾಸ್ಯೆಯ ಚರಗ ಚೆಲ್ಲಲು ಹೊಲದಲ್ಲಿ ಬೆಳೆಯೇ ಇಲ್ಲದ ವರ್ಷ ಎಂದು ಅದನ್ನು ಗುರುತಿಸಿದವರು ಏಳೆಂಟು ಜನ.

ಹೋಟೆಲಿನ ಗಂಡಸರ ಹತ್ತಿರ ಈ ಹಾಳೆ ಮೊದಲ ವಾರ ಬಿದ್ದುಹೋಯಿತು. ಮಧ್ಯಾಹ್ನ ಮೂರರಿಂದ ಐದು ಅವರಿಗೆ ಬಿಡುವು, ಅದರಲ್ಲೂ ನಿದ್ದೆ ಮಾಡುವುದು ಬಿಟ್ಟು ನನ್ನೊಂದಿಗೆ ಕೂರಬೇಕು. ಮಕ್ಕಳ ಸಾಲು ಅವರಿಗೆ ಗುರುತಾಗುವುದಿಲ್ಲ. ಮಕ್ಕಳು ಊರಲ್ಲಿ ಹುಟ್ಟಿ ಬೆಳೆದವರು, ತಂದೆ ವರ್ಷಕ್ಕೊಮ್ಮೆ ಕೋಲಕ್ಕೋ ಮದುವೆಗೋ ಹೋಗುವ ನೆಂಟ. ಅವರಿಗೆ ಕಾಲವೆಂದರೆ ಧಣಿಗಳ ಸಾಲು. “ಆ ಶೆಟ್ಟರಲ್ಲಿ ಇದ್ದಾಗ, ಆಮೇಲೆ ಈ ಭಟ್ಟರಲ್ಲಿ.” ಹಾಗಾದರೆ ಧಣಿಗಳನ್ನೇ ಮೊದಲ ಸಾಲಿಗೆ ತಂದೆ. ಇಸವಿಗೆ ಕಟ್ಟಲು ಗೂಟ ಬೇಕಲ್ಲ, ಅದು ಸಿಕ್ಕಿದ್ದು ಉಡುಪಿಯ ಪರ್ಯಾಯದಿಂದ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಎಂಟು ಮಠ, ಹದಿನಾರು ವರ್ಷದ ಸುತ್ತು. “ಆಗ ಯಾರ ಪರ್ಯಾಯ?” ಎಂದರೆ ಉಡುಪಿಯ ಸುತ್ತಮುತ್ತಲಿನವರು ಥಟ್ಟನೆ ಹೇಳುತ್ತಾರೆ: ಸೋದೆ ಎಂದರೆ 2012, ಕಾಣಿಯೂರು ಎಂದರೆ 2014, ಪಲಿಮಾರು ಎಂದರೆ 2018. ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ಯಾವ ವಿಶ್ವವಿದ್ಯಾಲಯವೂ ಮಾಡಿಕೊಡುವುದಿಲ್ಲ ಎಂದು ಬೀಗಿದೆ.

ಬೀಗಿದ ಮರುವಾರವೇ ಬಿದ್ದೆ. ಮಾಟುಂಗಾದ ಒಂದು ಹಳೆಯ ಹೋಟೆಲಿನ ಅಡುಗೆ ಭಟ್ಟರು, ತುಂಬ ಹಿರಿಯರು, “ಪೇಜಾವರರ ಪರ್ಯಾಯ ನೋಡಿಕೊಂಡೇ ಬೊಂಬಾಯಿಗೆ ಬಂದದ್ದು ಮಾರಾಯ್ರೇ” ಎಂದರು. ನಾನು 2000ಕ್ಕೆ ಗೆರೆ ಎಳೆದೆ. ಮುಂದಿನದು ಯಾವುದೂ ಕೂಡಿ ಬರಲಿಲ್ಲ. ಮೂರು ಧಣಿಗಳು ಒಂದೇ ವರ್ಷಕ್ಕೆ ತುಂಬಿಕೊಂಡರು. ಮುಖ ಕೆಂಪಗಾಗಿ ಹಾಳೆ ಒರೆಸುತ್ತಿದ್ದಾಗ ಅವರು ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದ ಕಥೆ ತೆಗೆದರು. ರೈಲಿನಲ್ಲಿ ಏಕೆ ಬರಲಿಲ್ಲ ಎಂದೆ. “ಆಗ ರೈಲು ಎಲ್ಲಿತ್ತು?” ಕೊಂಕಣ ರೈಲು ಪೂರ್ತಿ ಮಾರ್ಗಕ್ಕೆ ತೆರೆದದ್ದು 1998ರ ಜನವರಿಯಲ್ಲಿ. ಅಂದರೆ ಅವರು ಹೇಳುತ್ತಿದ್ದದ್ದು ಒಂದು ಸುತ್ತು ಹಿಂದಿನ, 1984ರ ಪೇಜಾವರ ಪರ್ಯಾಯ. ಬಂದ ವರ್ಷವೇ ಇಂದಿರಾ ಗಾಂಧಿ ಹತ್ಯೆಯಾಗಿ ಹೋಟೆಲು ಮುಚ್ಚಿದ್ದು, ಗಿರಣಿ ಮುಷ್ಕರದ ಹೊಡೆತಕ್ಕೆ ಊಟದ ಗಿರಾಕಿ ಇಳಿದಿದ್ದದ್ದು, ಎಲ್ಲ ಸರಿಯಾಗಿ ಕುಳಿತವು. ಹಾಳೆಯಲ್ಲಿ ಹದಿನಾರು ವರ್ಷ ಹಿಂದಕ್ಕೆ ಜಾಗವೇ ಇರಲಿಲ್ಲ. ಇನ್ನೊಂದು ಹಾಳೆ ಅಂಟಿಸಿದೆ. ಅಂದಿನಿಂದ ಪರ್ಯಾಯ ಕೇಳಿದ ಕೂಡಲೇ “ರೈಲಾ ಬಸ್ಸಾ?” ಎಂದು ಕೇಳುವುದು ನನ್ನ ನಿಯಮ.

ನಡುವೆ ಮಾಡಿದ ಒಂದೆರಡು ಆಟಗಳನ್ನೂ ಹೇಳಿಬಿಡುತ್ತೇನೆ. 2019ರಲ್ಲಿ ದೇಶಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಯಿತಲ್ಲ, ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಲೆಕ್ಕ. ಅದನ್ನು ನನ್ನ ಹೆಂಗಸರ ಮೇಲೆ ಹುಣಸೆಬೀಜದಲ್ಲಿ ಮಾಡಿ ನೋಡೋಣ ಎಂದು ಇಪ್ಪತ್ತನಾಲ್ಕು ಬೀಜ ಕೊಟ್ಟೆ, ಗಂಟೆಗೊಂದು. ಅಡುಗೆಗೆ ಇಷ್ಟು, ನೀರಿಗೆ ಇಷ್ಟು, ಪರರ ಮನೆಯ ಪಾತ್ರೆಗೆ ಇಷ್ಟು ಎಂದು ಇಡುತ್ತ ಹೋದವಳು ಬೀಜ ಮುಗಿದಾಗ ಕೈ ಚಾಚಿದಳು: “ಇನ್ನೊಂದು ಆರು ಕೊಡಿ.” ಇಪ್ಪತ್ತನಾಲ್ಕೇ ಗಂಟೆ ಎಂದೆ. “ಅನ್ನ ಇಟ್ಟು ಮಗುವಿಗೆ ಪಾಠ ಹೇಳುವಾಗ ಒಂದು ಬೀಜ ಯಾವ ಕಡೆ ಇಡಲಿ?” ಎಂದಳು. ಆಮೇಲೆ ಬೀಜ ಎಣಿಸಿ ಕೊಡುವುದನ್ನೇ ಬಿಟ್ಟೆ, ಬಟ್ಟಲು ಮುಂದಿಟ್ಟೆ. ಮೂವತ್ತು, ಮೂವತ್ತೊಂದು, ಒಬ್ಬಳದು ಮೂವತ್ತಾರು. ಇದರಿಂದ ಬೇರೆಯೇ ಒಂದು ಲೇಖನ ಆಗಬೇಕು, ಆಗಿಲ್ಲ.

ಇನ್ನೊಂದು ಆಟ ವಂಶವೃಕ್ಷದ್ದು. ನಮ್ಮ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಕ್ಕೂ ಈ ವಿಧಾನಕ್ಕೂ ಗುರುಪರಂಪರೆಯ ನಂಟಿದೆ: 1919ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಆರಂಭಿಸಿದ ವಿಭಾಗವನ್ನು ಆಮೇಲೆ ಬೆಳೆಸಿದ ಘುರ್ಯೆಯವರು ಕೇಂಬ್ರಿಜ್‌ನಲ್ಲಿ ಮಾನವಶಾಸ್ತ್ರಜ್ಞ ರಿವರ್ಸ್ ಕೈಕೆಳಗೆ ಓದಿದವರು, ರಿವರ್ಸ್ 1898ರ ಟಾರೆಸ್ ಜಲಸಂಧಿಯ ಯಾತ್ರೆಯಲ್ಲಿ ವಂಶಾವಳಿ ಬರೆದುಕೊಳ್ಳುವುದನ್ನೇ ಒಂದು ವಿಧಾನವಾಗಿಸಿದವರು. ಹಾಳೆಗೆ ಮುಂಚೆ ಅಕ್ಕ ತಂಗಿಯರ ಸಾಲು ಬರೆದುಕೊಂಡರೆ ಇಸವಿ ಇನ್ನೂ ಗಟ್ಟಿಯಾಗುತ್ತದೆಯೇ ಎಂದು ಹದಿನೈದು ಜನರಲ್ಲಿ ನೋಡಿದೆ. ಆಗುತ್ತದೆ, ಆದರೆ ಸತ್ತ ಮಕ್ಕಳ ಮಾತು ಬರುತ್ತದೆ, ಅಂದಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ. ನಿಲ್ಲಲೇಬೇಕು. ಹದಿನೈದಕ್ಕೆ ಬಿಟ್ಟೆ.

2022ರ ಜುಲೈನಲ್ಲಿ ಕುರ್ಲಾ ಸೇತುವೆಯ ಮೇಲೆ ಮಳೆಗೆ ಸಿಕ್ಕಿ ಒಂಬತ್ತು ಹಾಳೆ ತೊಯ್ದು ಮುದ್ದೆಯಾದವು. ಪೆನ್ನಿನಲ್ಲಿ ಬರೆದದ್ದೆಲ್ಲ ನೀಲಿ ಕೆರೆ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಹಳ್ಳಿಯ ಅಧ್ಯಯನದ ಟಿಪ್ಪಣಿಗಳು ಸುಟ್ಟುಹೋದಾಗ ಅವರು ನೆನಪಿನಿಂದಲೇ ಇಡೀ ಹಳ್ಳಿಯನ್ನು ಬರೆದರು. ನನಗೆ ಮೊನ್ನೆಯ ಸಂದರ್ಶನವೂ ನೆನಪಿರುವುದಿಲ್ಲ. ಅಂದಿನಿಂದ ಬರೀ ಪೆನ್ಸಿಲು, ಮತ್ತು ಖೋಲಿಯಿಂದ ಹೊರಬೀಳುವ ಮುಂಚೆಯೇ ಮೊಬೈಲಿನಲ್ಲಿ ಚಿತ್ರ. ಹಾಳೆಯ ಮೇಲೆ ಯಾರ ಹೆಸರೂ ಇಲ್ಲ. ಹೆಂಗಸರಿಗೆ ಕಾಳಿನ ಹೆಸರು, ಗಂಡಸರಿಗೆ ತಿಂಡಿಯ ಹೆಸರು. ಪೇಜಾವರ ಪರ್ಯಾಯದ ಭಟ್ಟರು ನನ್ನ ಕಡತದಲ್ಲಿ ಗೋಳಿಬಜೆ.

ಸರಿಯಾಗಿದೆಯೋ ಇಲ್ಲವೋ ಎಂದು ನೋಡಿದ ಬಗೆ. ಇಪ್ಪತ್ತೆರಡು ಜನರ ಬಳಿ ನಾಲ್ಕೈದು ತಿಂಗಳು ಬಿಟ್ಟು ಹೊಸ ಹಾಳೆ ಹಿಡಿದು ಮತ್ತೆ ಹೋದೆ, ಹಳೆಯದನ್ನು ತೋರಿಸದೆ. 2010ರ ಈಚೆಗಿನ ಕೆಲಸದ ಬದಲಾವಣೆಗಳಲ್ಲಿ ಹದಿನೇಳು ಜನರದು ಒಂದು ಚೌಕದ ಒಳಗೇ ಬಂದಿತು. ಪ್ರಶ್ನಾವಳಿಯ ಕಾಲದಲ್ಲಿ ಹೀಗೆ ಮರಳಿ ಕೇಳಿದಾಗ ಸರಾಸರಿ ಎರಡೂವರೆ ವರ್ಷ ಆಚೀಚೆ ಆಗುತ್ತಿತ್ತು. ಮಕ್ಕಳ ಜನನ ಪ್ರಮಾಣಪತ್ರ ಮೂವತ್ತಕ್ಕೂ ಹೆಚ್ಚು ನೋಡಿದೆ: ಇಸವಿ ತಪ್ಪಿದ್ದು ಮೂರೋ ನಾಲ್ಕೋ, ಋತು ತಪ್ಪಿದ್ದು ಒಂದೂ ಇಲ್ಲ. ಹೋಟೆಲಿನ ಮಸ್ಟರು (ಹಾಜರಿ ಪುಸ್ತಕ) ನೋಡಲು ಎರಡು ಕಡೆ ಸಿಕ್ಕಿತು. ಧಣಿಗಳನ್ನು ಹೇಗೆ ಒಪ್ಪಿಸಿದೆ ಎಂದು ಕೇಳಬೇಡಿ. ಮಸ್ಟರಿಗಿಂತ ಕೆಲಸದವರ ಬೆರಳೇ ನಿಜವಾಗಿದ್ದ ಸಂದರ್ಭಗಳಿದ್ದವು, ಏಕೆಂದರೆ ಮಸ್ಟರಿಗೆ ಹೆಸರು ಏರುವುದು ಕೆಲಸಕ್ಕೆ ಸೇರಿದ ಎಷ್ಟೋ ತಿಂಗಳ ಮೇಲೆ. 1999 ಎಂದು ಹೇಳಿದ್ದ ಹೆಂಗಸರಲ್ಲಿ ಆರು ಜನ ಈ ಹಾಳೆಗೂ ಕುಳಿತರು. ಅವರ ಕಡಲೆಬೇಳೆಗಳು 2003ರಿಂದ 2007ರ ನಡುವೆ ಎಲ್ಲೆಲ್ಲೋ ಬಿದ್ದವು. ನಾನು ಏನೂ ಹೇಳಲಿಲ್ಲ. ಒಬ್ಬಳು ಮಾತ್ರ ಹಾಳೆ ನೋಡಿ ನಕ್ಕು, “ಇದನ್ನು ಸರಕಾರಕ್ಕೆ ಕೊಡುವುದಿಲ್ಲ ತಾನೇ?” ಎಂದಳು. ಕೊಡುವುದಿಲ್ಲ. ಆ ಆರು ಹಾಳೆಗಳಲ್ಲಿ ಬಸ್ತಿಯ ಹೆಸರೂ ಇಲ್ಲ.

ಸೋಲೂ ಇದೆ. ನಾಕಾದಲ್ಲಿ ನಿಲ್ಲುವ ಒಂಟಿ ಗಂಡಸರ ಮೇಲೆ ಈ ಹಾಳೆ ನಡೆಯಲಿಲ್ಲ. ಬೆಳಗ್ಗೆ ಏಳೂವರೆಯಿಂದ ಹತ್ತರವರೆಗೆ ನಿಂತಿರುತ್ತಾರೆ, ಕೂಲಿಗೆ ಕರೆಯುವ ಮುಕಾದಮ ಕೈ ಮಾಡಿದರೆ ಅರ್ಧ ವಾಕ್ಯದಲ್ಲಿ ಟೆಂಪೋ ಹತ್ತುತ್ತಾರೆ. ಕೆಲಸ ಸಿಗದೆ ಉಳಿದವರನ್ನು ಕೂರಿಸಿದರೆ ಅಂದು ಕೆಲಸ ಸಿಗದವರ ಚರಿತ್ರೆ ಮಾತ್ರ ಸಿಗುತ್ತದೆ, ಅದು ಬೇರೆಯೇ ಜನ. ಹನ್ನೆರಡು ಅರೆಬರೆ ಹಾಳೆ ಕಟ್ಟಿಟ್ಟಿದ್ದೇನೆ.

ಹಣ. ಒಂದು ಸಂಸ್ಥೆ ಒಂದು ಲಕ್ಷ ಮಂಜೂರು ಮಾಡಿತ್ತು, ಅರ್ಧ ಕೊಟ್ಟಿತು. ಎರಡನೆಯ ಕಂತಿಗೆ ಪ್ರಶ್ನಾವಳಿಯ ಕೋಷ್ಟಕ ಕೇಳಿದರು, ನನ್ನ ಬಳಿ ಕಡಲೆಬೇಳೆ ಇತ್ತು. ಒಟ್ಟು ಖರ್ಚು ಒಂದು ಲಕ್ಷ ತೊಂಬತ್ತು ಸಾವಿರದ ಹತ್ತಿರ. ಅದರಲ್ಲಿ ಮೊದಲ ಎರಡು ಸುತ್ತಿನ ವ್ಯರ್ಥವೇ ಎಪ್ಪತ್ತು ಸಾವಿರ. ಸಹಾಯಕ್ಕೆ ಬಂದ ಇಬ್ಬರು ಹುಡುಗಿಯರಿಗೆ ದಿನಕ್ಕೆ ಆರು ನೂರರಂತೆ ಕೊಟ್ಟದ್ದು ಐವತ್ತು ಸಾವಿರ ಆಗಿರಬೇಕು. ಹಾಳೆ, ಪೆನ್ಸಿಲು, ಬೇಳೆ ಎಲ್ಲ ಸೇರಿ ಐದು ಸಾವಿರ ಮುಟ್ಟಲಿಲ್ಲ. ಕೆಲಸ ಮಾಡಿದ ವಸ್ತುವೇ ಎಲ್ಲಕ್ಕಿಂತ ಅಗ್ಗ. ಕುಳಿತವರಿಗೆ ಮೊದಲು ನೂರು ರೂಪಾಯಿ ಕೊಟ್ಟು ನೋಡಿದೆ. ಇಬ್ಬರು ವಾಪಸು ಕೊಟ್ಟರು, ಮೂವರು ಮರುದಿನ ನೆಂಟರನ್ನೆಲ್ಲ ಕರೆತಂದರು. ಆಮೇಲೆ ಹಣ ಬಿಟ್ಟು ಅರ್ಧ ಕಿಲೋ ಶೇಂಗಾ ಚಟ್ನಿಪುಡಿ ಕೊಡತೊಡಗಿದೆ, ನಮ್ಮಮ್ಮ ಧಾರವಾಡದಿಂದ ಕಳಿಸುವುದು. ಅದರ ಲೆಕ್ಕ ಮೇಲಿನ ಮೊತ್ತದಲ್ಲಿ ಸೇರಿಲ್ಲ, ಯಜಮಾನರಿಗೂ ಹೇಳಿಲ್ಲ.

ನೂರಾ ಹದಿನೆಂಟು ಹಾಳೆ ಇವೆ ಈಗ, ಎಪ್ಪತ್ತನಾಲ್ಕು ಹೆಂಗಸರದು. ಮುಂದಿನದು ಗೋವಾ. ವಾಸ್ಕೋ ಕಡೆ ಇರುವ ಕನ್ನಡಿಗರಿಗೆ ಈ ಸಾಲುಗಳು ಹೊಂದುವುದಿಲ್ಲ. 2012ರಲ್ಲಿ ಗಣಿ ನಿಂತದ್ದು ಅಲ್ಲಿನ ಲಾರಿಯವರಿಗೆ ನಮ್ಮ ನೋಟು ರದ್ದತಿಯಂತೆ ನಿಲ್ಲಬಹುದು ಎಂದು ಒಬ್ಬರು ಹೇಳಿದ್ದಾರೆ. ನಾನು ಅದನ್ನು ಮುದ್ರಿಸಿಲ್ಲ. ಅರವತ್ತು ಖಾಲಿ ಹಾಳೆ ಮಾಡಿಸಿಟ್ಟಿದ್ದೇನೆ, ಅಂಗಡಿಯವನು ಈ ಸಲ ಹದಿನೆಂಟು ರೂಪಾಯಿ ಹಿಡಿದ.